ಟ್ಯಾಂಕ್ ಮಾದರಿಯ ಬಣ್ಣ: 'ಮಾಸು', 'ಬಿಳಿಚು', 'ಮಬ್ಬು' – ಯಾವುದು ಯಾವುದಕ್ಕೆ?

ಎಲ್ಲರಿಗೂ ನಮಸ್ಕಾರ. ಯುದ್ಧದ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ಜೋಡಿಸಿ ಬಣ್ಣ ಹಚ್ಚುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕತ್ತರಿಸುವುದು, ಉಜ್ಜುವುದು, ಅಂಟಿಸುವುದು, ಇವಕ್ಕೆಲ್ಲ ಪದಗಳು ಸುಲಭವಾಗಿ ಬಂದವು. ಬಣ್ಣ ಕೆಟ್ಟಾಗ ಸರಿಮಾಡುವ ಭಾಗದಲ್ಲಿ ಮಾತ್ರ 'ಮಾಸು' ಅನ್ನುವ ಪದ ಕೈ ಕಟ್ಟಿಹಾಕಿದೆ.

1/35 ಅಳತೆಯ, ಎರಡನೇ ಮಹಾಯುದ್ಧದ ಜರ್ಮನ್ ಪ್ಯಾಂಥರ್ ಟ್ಯಾಂಕನ್ನೇ ತೆಗೆದುಕೊಳ್ಳಿ. 1943ರ ಫೆಬ್ರವರಿಯಲ್ಲಿ ಜರ್ಮನ್ ಟ್ಯಾಂಕುಗಳ ಮೂಲ ಬಣ್ಣ ಕಡುಬೂದಿಯಿಂದ ಡುಂಕೆಲ್‌ಗೆಲ್ಬ್‌ಗೆ ಬದಲಾಯಿತು. ಮಣ್ಣು ಬೆರೆತ ಹಳದಿ ಅದು. ಅದರ ಮೇಲೆ ಹಚ್ಚುವ ಮರೆಮಾಚುವ ಬಣ್ಣಗಳು ಡಬ್ಬಿಯಲ್ಲಿ ಗಟ್ಟಿ ಪೇಸ್ಟ್ ಆಗಿ ಬರುತ್ತಿದ್ದವು, ಸೈನಿಕರು ಅವಕ್ಕೆ ಪೆಟ್ರೋಲೋ ನೀರೋ ಕೈಗೆ ಸಿಕ್ಕಿದ್ದನ್ನು ಬೆರೆಸಿ ಹಚ್ಚುತ್ತಿದ್ದರು, ಹಾಗಾಗಿ ಒಂದು ಟ್ಯಾಂಕಿನ ಬಣ್ಣ ಇನ್ನೊಂದರಂತೆ ಇರುತ್ತಿರಲಿಲ್ಲ. ಅದರ ಮೇಲೆ ಬಿಸಿಲು, ಧೂಳು, ಎಣ್ಣೆ ಬೇರೆ. ಮಾದರಿಯಲ್ಲಿ ಇದನ್ನೆಲ್ಲ ತೋರಿಸದಿದ್ದರೆ ಅದು ಆಟದ ಸಾಮಾನಿನ ಹಾಗೆ ಕಾಣುತ್ತದೆ.

ತೊಂದರೆ ಇಲ್ಲೇ ಶುರು. ಬಿಸಿಲಿಗೆ ಹೋದ ಬಣ್ಣ ತೋರಿಸಲು ಮೂಲ ಬಣ್ಣಕ್ಕೆ ಬಿಳಿ ಬೆರೆಸಿ, ಚೆನ್ನಾಗಿ ತೆಳುಮಾಡಿ, ಪ್ರತಿ ತಗಡಿನ ನಡುಭಾಗಕ್ಕೆ ಸಿಂಪಡಿಸುತ್ತೇವೆ. ಅಲ್ಲಿ ಬಣ್ಣ ತಿಳಿಯಾಗುತ್ತದೆ. ಕೊಳೆ ತೋರಿಸಲು ನೀರಿನಷ್ಟು ತೆಳುವಾದ ಕಂದು ಬಣ್ಣವನ್ನು ಸಂದುಗಳಿಗೆ ಬಿಡುತ್ತೇವೆ (ವಾಶ್ ಅಂತಾರೆ, 'ತೊಳೆ' ಅಂದರೆ ಅರ್ಥ ಪೂರ್ತಿ ತಲೆಕೆಳಗು, ಹಾಗಾಗಿ ವಾಶ್ ಅಂತಲೇ ಇಟ್ಟಿದ್ದೇನೆ). ಅಲ್ಲಿ ಬಣ್ಣ ಕಪ್ಪಾಗುತ್ತದೆ. ಒಂದಕ್ಕೊಂದು ವಿರುದ್ಧ ಕೆಲಸ, ಆದರೆ ಕನ್ನಡದಲ್ಲಿ ಎರಡೂ 'ಮಾಸಿದ ಬಣ್ಣ'! ಮಾಸಿದ ಬಟ್ಟೆ ಅಂದರೆ ಕೊಳೆಯಾದದ್ದು, ಮಾಸಿದ ಅಕ್ಷರ ಅಂದರೆ ಅಳಿಸಿಹೋಗುತ್ತಿರುವುದು. ಗಾಯವೂ ಮಾಸುತ್ತದೆ. 'ಬಣ್ಣ ಜಾಸ್ತಿ ಮಾಸಿದ್ದರೆ ಹೀಗೆ ಸರಿಮಾಡಿ' ಅಂತ ಬರೆದರೆ ಹುಡುಗ ಏನು ಮಾಡಬೇಕು? ಕೊಳೆ ಜಾಸ್ತಿಯಾಗಿದ್ದರೆ ಎನಾಮೆಲ್ ವಾಶ್ ಅನ್ನು ವೈಟ್ ಸ್ಪಿರಿಟ್ (ಎನಾಮೆಲ್ ಬಣ್ಣ ಕರಗಿಸುವ ದ್ರವ) ಸೋಕಿಸಿದ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಎಳೆದು ತೆಗೆಯಬೇಕು. ಬಣ್ಣ ತೀರಾ ತಿಳಿಯಾಗಿದ್ದರೆ ಮೂಲ ಬಣ್ಣವನ್ನೇ ತೆಳ್ಳಗೆ ಇನ್ನೊಂದು ಪದರ ಕೊಡಬೇಕು.

ಮೂರನೆಯದೂ ಒಂದಿದೆ. ಗಾಳಿಯಲ್ಲಿ ತೇವ ಇರುವಾಗ, ಕರಾವಳಿಯ ಮಳೆಗಾಲದಲ್ಲಂತೂ, ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸಿಂಪಡಿಸಿದರೆ ಬಿಳಿ ಪೊರೆ ಕಟ್ಟಿಬಿಡುವುದುಂಟು. ಒಣ ದಿನ ನೋಡಿ ಹೊಳಪಿನ ವಾರ್ನಿಶ್ ಹೊಡೆದರೆ ಎಷ್ಟೋ ಸಲ ಅದು ಹೋಗುತ್ತದೆ, ಆಮೇಲೆ ಮತ್ತೆ ಮ್ಯಾಟ್ ಕೊಡಬಹುದು. ಇದಕ್ಕೆ 'ಮಬ್ಬು' ಸಾಕು ಅನ್ನಿಸುತ್ತದೆ.

ನನ್ನ ಒಲವು ಹೀಗಿದೆ: ಕೊಳೆಗೆ ಮಾತ್ರ 'ಮಾಸು', ಬಿಸಿಲಿಗೆ 'ಬಿಳಿಚು', ವಾರ್ನಿಶ್ ಪೊರೆಗೆ 'ಮಬ್ಬು'. ಜೊತೆಗೆ ಛಾಯೆಗೆ 'ತಿಳಿ', ದ್ರವದ ಹದಕ್ಕೆ 'ತೆಳು'. ಇವೆರಡನ್ನು ಕಲಸಬಾರದು ಅನ್ನುವುದರಲ್ಲಿ ನಾನು ಗಟ್ಟಿ. 'ಬಿಳಿಚು' ಬಗ್ಗೆ ಮಾತ್ರ ಅನುಮಾನ. ಮುಖ ಬಿಳಿಚಿಕೊಂಡಿತು ಅನ್ನುತ್ತೇವೆ, ಕಬ್ಬಿಣದ ಮೇಲಿನ ಬಣ್ಣಕ್ಕೆ ಅದು ಒಪ್ಪುತ್ತದಾ? ಮಾತಿನಲ್ಲಿ 'ಬಣ್ಣ ಹೋಗಿದೆ' ಅನ್ನುತ್ತೇವೆ ನಿಜ, ಆದರೆ ಇಲ್ಲಿ ಬಣ್ಣ ಕಿತ್ತುಹೋಗುವುದೂ ಬೇರೆಯಾಗಿ ಬರುತ್ತದೆ, ಅದಕ್ಕೂ ಇದಕ್ಕೂ ಗೊಂದಲವಾಗುತ್ತದೆ.

ಕಿನ್ನಾಳದ ಗೊಂಬೆ ಕೆಲಸ, ಇಳಕಲ್ಲು-ಗುಳೇದಗುಡ್ಡದ ನೇಯ್ಗೆ, ಊರಿನ ಬೋರ್ಡ್ ಬರೆಯುವವರು, ಇವರ ಮಾತು ಹತ್ತಿರದಿಂದ ಕೇಳಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಬಿಸಿಲಿಗೆ ಬಣ್ಣ ಹೋಗುವುದಕ್ಕೂ ಕೊಳೆಯಾಗುವುದಕ್ಕೂ ಅವರು ಬೇರೆ ಬೇರೆ ಪದ ಬಳಸುತ್ತಾರಾ? ಹಾಗೇ, ಬೇಕೆಂದೇ ಬಣ್ಣವನ್ನು ಹಾಗೆ ಮಾಡುವುದಕ್ಕೆ 'ಬಿಳಿಚಿಸು' ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?