ಹಸಿರು ಚೌಕಗಳಿಲ್ಲದ ನಾಲ್ಕು ವರ್ಷ: ಸಾಫ್ಟ್‌ವೇರ್ ವೃತ್ತಿಯ ಬಗ್ಗೆ ಪ್ರಶ್ನೋತ್ತರ

ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸುವ ಸರದಿ ನನ್ನದು. ಹದಿನೆಂಟು ವರ್ಷಗಳಿಂದ ಬೆಂಗಳೂರಿನಲ್ಲಿ ಬ್ಯಾಕೆಂಡ್ (ತೆರೆಯ ಹಿಂದಿನ ಸರ್ವರ್ ಕಡೆಯ) ಕೆಲಸ ಮಾಡುತ್ತಿದ್ದೇನೆ. ಕಳೆದ ಆರು ವರ್ಷಗಳಿಂದ ಸಂದರ್ಶನ ನಡೆಸುವವರ ಕುರ್ಚಿಯಲ್ಲೂ ಕೂರುತ್ತಿದ್ದೇನೆ. ಸಂಬಳ ಎಷ್ಟು ಕೇಳಬೇಕು ಎಂಬ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ; ಅವಕ್ಕೆ ನಿಮ್ಮ ಪಿ.ಜಿ. ಗೆಳೆಯರೇ ನನಗಿಂತ ಸರಿಯಾಗಿ ಉತ್ತರಿಸುತ್ತಾರೆ.

ಪ್ರಶ್ನೆ: ಸೇವಾ ಕಂಪನಿಯೊಂದರಲ್ಲಿ ನಾಲ್ಕು ವರ್ಷಗಳಿಂದ ಬ್ಯಾಂಕಿನ ಹಳೆಯ ಜಾವಾ ತಂತ್ರಾಂಶದ ನಿರ್ವಹಣೆ ಮಾಡುತ್ತಿದ್ದೇನೆ. ಊರು ದಾವಣಗೆರೆ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ, ಕೋಡ್ ಸೇರಿಸಿದ ಪ್ರತಿ ದಿನಕ್ಕೂ ನಮ್ಮ ಪುಟದಲ್ಲಿ ಒಂದು ಹಸಿರು ಚೌಕ ಮೂಡುತ್ತದೆ. ಜೊತೆಗೆ ಓದಿದವರ ಪುಟಗಳು ಮಳೆಗಾಲದ ಗದ್ದೆಯಂತೆ ಹಸಿರಾಗಿವೆ, ನನ್ನದು ಬರಡು. ಅವರು ಲಿಂಕ್ಡ್‌ಇನ್‌ನಲ್ಲಿ ದಿನವೂ ಏನಾದರೂ ಬರೆಯುತ್ತಾರೆ. ನಾನೂ ದಿನಕ್ಕೊಂದು ಕಮಿಟ್ (ಕೋಡ್‌ನಲ್ಲಿ ದಾಖಲಿಸಿದ ಬದಲಾವಣೆ) ಹಾಕಲು ಶುರುಮಾಡಲೇ?

ಉತ್ತರ: ಬೇಡ. ಆ ಚೌಕಗಳು ಕಮಿಟ್‌ಗಳನ್ನು ಎಣಿಸುತ್ತವೆ, ಕೆಲಸವನ್ನಲ್ಲ. ನಿಮ್ಮ ನಾಲ್ಕು ವರ್ಷದ ದುಡಿಮೆ ಕಂಪನಿಯ ಒಳಗಿನ ಸರ್ವರ್‌ನಲ್ಲಿದೆ, ಅದು ಹೊರಗೆ ಕಾಣುವುದಿಲ್ಲ. ಇನ್ನೊಂದು ಗುಟ್ಟು: ಕಮಿಟ್‌ನ ದಿನಾಂಕ ಅದನ್ನು ಮಾಡಿದವರ ಯಂತ್ರ ಹೇಳಿದಂತೆ. ಹತ್ತು ಸಾಲಿನ ಸ್ಕ್ರಿಪ್ಟ್ ಬರೆದರೆ ಕಳೆದ ವರ್ಷವಿಡೀ ದುಡಿದವರಂತೆ ಪುಟವನ್ನು ಹಸಿರಾಗಿಸಬಹುದು. ಸತತ ಎಷ್ಟು ದಿನ ಕಮಿಟ್ ಮಾಡಿದಿರಿ ಎಂದು ತೋರಿಸುತ್ತಿದ್ದ ಲೆಕ್ಕವನ್ನು ಗಿಟ್‌ಹಬ್ ತಾನೇ 2016ರಲ್ಲಿ ತೆಗೆದುಹಾಕಿತು.

ಅಭ್ಯರ್ಥಿಯ ಗಿಟ್‌ಹಬ್ ಪುಟಕ್ಕೆ ನಾನು ಕೊಡುವುದು ಹೆಚ್ಚೆಂದರೆ ಐದು ನಿಮಿಷ. ಆ ಐದು ನಿಮಿಷದಲ್ಲಿ ಹುಡುಕುವುದು ಒಂದನ್ನೇ: ಇವರು ಎಲ್ಲಾದರೂ ಒಂದು ತೊಡಕನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬಿಡಿಸಿ ಬರೆದಿದ್ದಾರೆಯೇ?

ಅಂಥ ಬರಹಕ್ಕೊಂದು ಉದಾಹರಣೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ಮಿಂಚಂಚೆ ಬರೆದರು. ಅವರು ಪೋಸ್ಟ್‌ಗ್ರೆಸ್ ದತ್ತಸಂಚಯದ (ಡೇಟಾಬೇಸ್) ಮೇಲೆ ಕೆಲಸ ಮಾಡುವವರು. ವೇಗ ಅಳೆಯುತ್ತಿದ್ದಾಗ ತಮ್ಮ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ದಾರಿ) ಲಾಗಿನ್‌ಗೆ ಸುಮಾರು 0.3 ಸೆಕೆಂಡಿನ ಬದಲು 0.8 ಸೆಕೆಂಡ್ ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡನ್ನು ಯಾರು ಲೆಕ್ಕಕ್ಕಿಡುತ್ತಾರೆ? ಅವರು ಇಟ್ಟರು. ಬೆನ್ನು ಹತ್ತಿ ಹೋದಾಗ ಎಕ್ಸ್‌ಝೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಿದ್ಧ ಕೋಡ್ ಸಂಗ್ರಹದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹೂತಿಟ್ಟ ಕಳ್ಳಬಾಗಿಲು ಸಿಕ್ಕಿತು. ಏನು ಕಂಡೆ, ಹೇಗೆ ಅಳೆದೆ, ಎಲ್ಲಿ ಸಂಶಯವಿದೆ ಎಂದು ಆ ಅಂಚೆಯಲ್ಲಿ ಹಂತಹಂತವಾಗಿ ಬರೆದಿದ್ದರು. ಮರುದಿನದ ಹೊತ್ತಿಗೆ ಜಗತ್ತಿನ ಲಿನಕ್ಸ್ ಬಳಗವೆಲ್ಲ ಅದನ್ನು ಓದುತ್ತಿತ್ತು.

ಅಷ್ಟು ದೊಡ್ಡದು ನಮ್ಮ ಪಾಲಿಗೆ ಬರಲಿಕ್ಕಿಲ್ಲ. ಚಿಕ್ಕದೊಂದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಬಂದ ಅಭ್ಯರ್ಥಿಯೊಬ್ಬರ ಸಾರ್ವಜನಿಕ ಗುರುತು ಅಂತ ಇದ್ದದ್ದು ಮೂರು ಬಗ್ ವರದಿಗಳು, ಅಷ್ಟೇ. ಅದರಲ್ಲಿ ಒಂದು ಕನ್ನಡದ್ದು. ಉದ್ದದ ಹೆಸರುಗಳನ್ನು ಕತ್ತರಿಸಿ ತೋರಿಸುವ ಪುಟವೊಂದರಲ್ಲಿ ‘ಕರ್ನಾಟಕ’ ಎಂಬುದು ‘ಕರ್…’ ಎಂದು ಕಾಣುತ್ತಿತ್ತು. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಲಿಪಿಯ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ, ಏಕೆಂದರೆ ‘ರ’ವನ್ನು ‘ರ್’ ಮಾಡುವ ಚಿಹ್ನೆಗೂ ದೀರ್ಘಕ್ಕೂ ಪ್ರತ್ಯೇಕ ಸಂಖ್ಯೆಗಳಿವೆ. ಮೂರಕ್ಕೆ ಕತ್ತರಿ ಹಾಕಿದರೆ ಒತ್ತಕ್ಷರದ ನಡುವೆಯೇ ಬೀಳುತ್ತದೆ. ವರದಿಯಲ್ಲಿ ಇದನ್ನು ಎಣಿಸಿ ತೋರಿಸಿ, ಅದೇ ಪುಟದಲ್ಲಿ ‘ಕೋಲಾರ’ ಎಂದು ಹುಡುಕಿದರೆ ಕೆಲವೊಮ್ಮೆ ಸಿಗದಿರುವುದಕ್ಕೂ ಕಾರಣ ಕೊಟ್ಟಿದ್ದರು: ‘ಕೋ’ದ ಓಕಾರ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡುಗಳಾಗಿಯೂ ಇರಬಹುದು, ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು.

ಸಂದರ್ಶನದ ನಲವತ್ತು ನಿಮಿಷ ನಾವು ಆ ಎರಡು ಪದಗಳ ಮೇಲೆಯೇ ಮಾತನಾಡಿದೆವು. ಅವರ ಪುಟದಲ್ಲಿ ಹಸಿರು ಎಷ್ಟಿತ್ತೋ ನನಗೆ ನೆನಪಿಲ್ಲ.

ಹಾಗಾಗಿ ನಿಮಗೆ ಹೇಳುವುದು: ಪ್ರತಿ ಶುಕ್ರವಾರ ಇಪ್ಪತ್ತು ನಿಮಿಷ ಕೂತು, ಆ ವಾರ ಏನು ಕೆಟ್ಟಿತು, ಎಲ್ಲಿ ಹುಡುಕಿದಿರಿ, ಮೊದಲು ಏನೆಂದು ತಪ್ಪು ತಿಳಿದಿದ್ದಿರಿ, ಕೊನೆಗೆ ಏನು ಸಿಕ್ಕಿತು ಎಂದು ಬರೆದಿಡಿ. ನಿಮ್ಮ ರೆಸ್ಯೂಮೆಯಲ್ಲಿ ಈಗ ‘ನಿರ್ವಹಣೆ ಮತ್ತು ಬೆಂಬಲ’ ಎಂದಿರುತ್ತದೆ. ಅದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ಹಳೆಯ ಬ್ಯಾಂಕಿಂಗ್ ಕೋಡ್‌ನಲ್ಲಿ ನಾಲ್ಕು ವರ್ಷ ಬಾಳಿದವರ ಬಳಿ ಹೇಳಲು ಏನೂ ಇಲ್ಲ ಎಂದರೆ ನಾನು ನಂಬುವುದಿಲ್ಲ.

ಗುಂಪಿನ ಸದಸ್ಯರೊಬ್ಬರ ಪ್ರತಿಕ್ರಿಯೆ: ಕೇಳಲು ಚೆನ್ನಾಗಿದೆ. ಆದರೆ ನನಗೆ ಎರಡು ಕೆಲಸವೂ ಲಿಂಕ್ಡ್‌ಇನ್‌ನಿಂದಲೇ ಸಿಕ್ಕವು. ಅಲ್ಲಿ ಸುಮ್ಮನಿದ್ದರೆ ನಾವಿದ್ದೇವೆ ಎಂದು ಯಾರಿಗೆ ಗೊತ್ತಾಗುತ್ತದೆ?

ಉತ್ತರ: ಒಪ್ಪಿದೆ, ನಾನು ಎರಡು ಬೇರೆ ಸಂಗತಿಗಳನ್ನು ಬೆರೆಸಿದೆ. ಪರಿಚಯ ಪುಟವನ್ನು ತುಂಬಿಡುವುದು ಒಂದು, ದಿನವೂ ಅಲ್ಲಿ ಬರೆಯುವುದು ಇನ್ನೊಂದು. ನೇಮಕಾತಿಯವರು ಪದ ಹಾಕಿ ಹುಡುಕುತ್ತಾರೆ: ಜಾವಾ, ಬೆಂಗಳೂರು, ನಾಲ್ಕು ವರ್ಷ. ಆ ಪದಗಳು ನಿಮ್ಮ ಪುಟದಲ್ಲಿ ಇರಲೇಬೇಕು, ನೋಟಿಸ್ ಅವಧಿ ಎಷ್ಟು ದಿನ ಎಂಬುದೂ ಇದ್ದರೆ ಅವರ ಒಂದು ಕರೆ ಉಳಿಯುತ್ತದೆ. ಬೆಳಗಿನ ಐದಕ್ಕೆ ಎದ್ದು ಆಟೋ ಚಾಲಕರಿಂದ ನಾಯಕತ್ವ ಕಲಿತ ಕಥೆ ಬರೆಯಬೇಕಾಗಿಲ್ಲ.

ಪ್ರಶ್ನೆ: ಮುಕ್ತ ತಂತ್ರಾಂಶಕ್ಕೆ ಮೊದಲ ಕೊಡುಗೆಯಾಗಿ ಕಾಗುಣಿತ ತಿದ್ದಿದರೆ ನಡೆಯುತ್ತದೆಯೇ?

ಉತ್ತರ: ತಪ್ಪು ನಿಜಕ್ಕೂ ಇದ್ದರೆ ನಡೆಯುತ್ತದೆ. ಇಲ್ಲದ ತಪ್ಪನ್ನು ತಿದ್ದಬೇಡಿ. 2020ರ ಅಕ್ಟೋಬರಿನಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಟಿ-ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಮುಕ್ತ ತಂತ್ರಾಂಶದ ಅಭಿಯಾನದಲ್ಲಿ ಅರ್ಥವಿಲ್ಲದ ತಿದ್ದುಪಡಿಗಳ ಪ್ರವಾಹವೇ ಹರಿದು, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ನಿಯಮವನ್ನು ಆ ತಿಂಗಳಲ್ಲೇ ಬದಲಿಸಬೇಕಾಯಿತು. ಅಂಥ ಯೋಜನೆಗಳನ್ನು ನೋಡಿಕೊಳ್ಳುವವರು ಬಹುಪಾಲು ತಮ್ಮ ಭಾನುವಾರವನ್ನು ಖರ್ಚು ಮಾಡುತ್ತಿರುತ್ತಾರೆ.

ಪ್ರಶ್ನೆ: ಎಡಬ್ಲ್ಯೂಎಸ್ (ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ) ಖಾತೆಯ ಗುಪ್ತ ಕೀಲಿ ಇದ್ದ ಕಡತವನ್ನು ಗೊತ್ತಿಲ್ಲದೆ ಗಿಟ್‌ಹಬ್‌ಗೆ ಹಾಕಿದೆ. ತಕ್ಷಣ ಅಳಿಸಿ ಮತ್ತೆ ಕಮಿಟ್ ಮಾಡಿದ್ದೇನೆ. ಸಾಕಲ್ಲವೇ?

ಉತ್ತರ: ಸಾಲದು. ಇದನ್ನು ಓದುವುದನ್ನು ನಿಲ್ಲಿಸಿ, ಮೊದಲು ಆ ಕೀಲಿಯನ್ನು ರದ್ದು ಮಾಡಿ. ಗಿಟ್ ಏನನ್ನೂ ಮರೆಯುವುದಿಲ್ಲ, ಹಿಂದಿನ ಕಮಿಟ್‌ನಲ್ಲಿ ಕೀಲಿ ಹಾಗೆಯೇ ಕೂತಿದೆ. ಹೊಸ ಕಮಿಟ್‌ಗಳನ್ನು ಜಾಲಾಡುವ ಯಂತ್ರಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ರದ್ದು ಮಾಡಿದ ಮೇಲೆ ಬಿಲ್ಲಿಂಗ್ ಪುಟ ತೆರೆದು, ನೀವು ಎಂದೂ ಬಳಸದ ದೇಶದ ಸರ್ವರ್‌ಗಳು ಓಡುತ್ತಿವೆಯೇ ನೋಡಿ. ಇತಿಹಾಸವನ್ನು ಶುಚಿಮಾಡುವ ಕೆಲಸ ಕೊನೆಯದು.

ಪ್ರಶ್ನೆ: ವಿದೇಶಿ ಕ್ರಿಪ್ಟೊ ಕಂಪನಿಯವರೆಂದು ಹೇಳಿಕೊಂಡು ಒಬ್ಬರು ಸಂಪರ್ಕಿಸಿದ್ದಾರೆ. ಸಂಬಳ ಈಗಿನದರ ಮೂರು ಪಟ್ಟು. ಸಂದರ್ಶನಕ್ಕೆ ಮೊದಲು ಅವರು ಕೊಟ್ಟ ಕೋಡ್ ಇಳಿಸಿಕೊಂಡು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ, ಒಂದು ಬಗ್ ಸರಿಪಡಿಸಬೇಕಂತೆ. ಇಂದು ರಾತ್ರಿಯೊಳಗೆ.

ಉತ್ತರ: ಓಡಿಸಬೇಡಿ. ಇದು ಹಳೆಯ ಬಲೆ. ಸೈಬರ್ ಭದ್ರತಾ ಕಂಪನಿ ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನ ಸಂಶೋಧಕರು 2023ರಲ್ಲಿ ಇದಕ್ಕೆ ‘ಕಂಟೇಜಿಯಸ್ ಇಂಟರ್‌ವ್ಯೂ’ ಎಂದು ಹೆಸರಿಟ್ಟು, ಹಿಂದೆ ಉತ್ತರ ಕೊರಿಯಾದ ಕೈವಾಡವಿದೆ ಎಂದರು. ಎನ್‌ಪಿಎಂ (ಜಾವಾಸ್ಕ್ರಿಪ್ಟ್‌ನ ಸಿದ್ಧ ಕೋಡ್ ತರುವ ಸಾಧನ) ಮೂಲಕ ಪ್ಯಾಕೇಜ್ ಹಾಕಿಕೊಳ್ಳುವಾಗಲೇ ಅದರೊಳಗಿನ ಸ್ಕ್ರಿಪ್ಟ್ ಓಡಬಲ್ಲದು. ನೀವು ಬಗ್ ಹುಡುಕುತ್ತಾ ಕೂತಿರುವಾಗ ಅದು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕ್ರಿಪ್ಟೊ ವ್ಯಾಲೆಟ್‌ಗಳನ್ನೂ ಸಾಗಿಸಿರುತ್ತದೆ. ‘ಇಂದು ರಾತ್ರಿಯೊಳಗೆ’ ಎಂಬ ಅವಸರ, ಮೂರು ಪಟ್ಟು ಸಂಬಳ, ನಿಮ್ಮದೇ ಯಂತ್ರದಲ್ಲಿ ಓಡಿಸಬೇಕೆಂಬ ಹಟ: ಮೂರೂ ಒಟ್ಟಿಗೆ ಬಂದಿವೆ. ಅವರದೇ ಬ್ರೌಸರ್ ಪರಿಸರದಲ್ಲಿ ಕೋಡ್ ಬರೆಯುತ್ತೇನೆ ಎಂದು ಉತ್ತರಿಸಿ ನೋಡಿ. ನಿಜವಾದ ಕಂಪನಿಗೆ ಅದರಿಂದ ನಷ್ಟವಿಲ್ಲ.

ಈಗಾಗಲೇ ಓಡಿಸಿಬಿಟ್ಟವರು ಇದ್ದರೆ, ಆ ಯಂತ್ರವನ್ನು ಜಾಲದಿಂದ ಕಳಚಿ, ಬೇರೆ ಯಂತ್ರದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅದು ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ನಾಚಿಕೆ ಬಿಟ್ಟು ಇಂದೇ ಕಚೇರಿಯ ಭದ್ರತಾ ತಂಡಕ್ಕೆ ಹೇಳಿ. ಬೇರೆಡೆ ಕೆಲಸ ಹುಡುಕುತ್ತಿದ್ದುದು ಗೊತ್ತಾಗುತ್ತದೆ, ನಿಜ. ತಡವಾಗಿ ಗೊತ್ತಾದರೆ ಮಾತ್ರ ಅದಕ್ಕಿಂತ ದೊಡ್ಡದೇ ಗೊತ್ತಾಗುತ್ತದೆ.

ಪ್ರಶ್ನೆ: ಸಂಜೆ ಇನ್ನೊಂದು ಕಂಪನಿಗೆ ಗುಟ್ಟಾಗಿ ಕೆಲಸ ಮಾಡಿದರೆ ಸಿಕ್ಕಿಬೀಳುತ್ತೇವೆಯೇ?

ಉತ್ತರ: 2022ರ ಸೆಪ್ಟೆಂಬರಿನಲ್ಲಿ ವಿಪ್ರೊ ಇದೇ ಕಾರಣಕ್ಕೆ 300 ಮಂದಿಯನ್ನು ಕೆಲಸದಿಂದ ತೆಗೆದಿದ್ದಾಗಿ ಹೇಳಿದ್ದನ್ನು ನೀವು ಓದಿರಬಹುದು. ಇಬ್ಬರು ಮಾಲೀಕರೂ ಪಿ.ಎಫ್. ಕಟ್ಟಿದರೆ ಒಂದೇ ಯುಎಎನ್ (ಉದ್ಯೋಗಿಯ ಪಿ.ಎಫ್. ಸಂಖ್ಯೆ) ಅಡಿಯಲ್ಲಿ ಎರಡೂ ಕಾಣುತ್ತವೆ. ನೇಮಕಾತಿ ಪತ್ರ ತೆಗೆದು ಓದಿ. ಅದರಲ್ಲಿ ವಾರಾಂತ್ಯದ ನಿಮ್ಮ ಸ್ವಂತ ಕೋಡ್‌ನ ಹಕ್ಕು ಯಾರದ್ದು ಎಂಬ ಸಾಲೂ ಇರುತ್ತದೆ, ಅದನ್ನಂತೂ ಯಾರೂ ಓದಿರುವುದಿಲ್ಲ.

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೆಲಸದಲ್ಲಿ ಹಿಂದೆ ಬಿದ್ದಿಲ್ಲ, ಸಭೆಯಲ್ಲಿ ಮಾತ್ರ ಬಾಯಿ ಕಟ್ಟುತ್ತದೆ. ಬಡ್ತಿ ಮಾತನಾಡುವವರಿಗೇ ಸಿಗುತ್ತಿದೆ.

ಉತ್ತರ: ಸಿಗುತ್ತಿದೆ, ಸುಳ್ಳು ಹೇಳುವುದಿಲ್ಲ. ನಾನೂ ಹಾಸನ ಜಿಲ್ಲೆಯ ಕನ್ನಡ ಶಾಲೆಯಲ್ಲೇ ಕಲಿತವನು. ಮೊದಲ ಎರಡು ವರ್ಷ ಸಭೆಗಳಲ್ಲಿ ನನ್ನ ಕೊಡುಗೆ ಎಂದರೆ ತಲೆಯಾಡಿಸುವುದು. ದಾರಿ ಸಿಕ್ಕಿದ್ದು ಸಭೆಗೆ ಮುಂಚಿನ ದಿನ ಒಂದು ಪುಟ ಬರೆದು ಎಲ್ಲರಿಗೂ ಕಳಿಸಲು ಶುರುಮಾಡಿದಾಗ: ತೊಡಕು ಇದು, ದಾರಿಗಳು ಎರಡು, ನನ್ನ ಆಯ್ಕೆ ಇದು, ಕಾರಣ ಇದು. ಸಭೆ ಆ ಪುಟದ ಸುತ್ತಲೇ ನಡೆಯುತ್ತಿತ್ತು, ಪ್ರಶ್ನೆಗಳು ನನ್ನ ಕಡೆಗೇ ಬರುತ್ತಿದ್ದವು. ಮೊದಲು ಕನ್ನಡದಲ್ಲೇ ಯೋಚಿಸಿ ಬರೆದುಕೊಳ್ಳಿ, ಇಂಗ್ಲಿಷ್ ಆಮೇಲೆ. ಚಿಕ್ಕ ವಾಕ್ಯಗಳಿರಲಿ. ಅಪ್ರೈಸಲ್ ಹೊತ್ತಿಗೆ ಅಂಥ ಆರು ಪುಟಗಳಿದ್ದರೆ ಮ್ಯಾನೇಜರ್ ಮುಂದೆ ಇಡಿ.

ಮೊದಲ ಪ್ರಶ್ನೆ ಕೇಳಿದವರು: ಇಂದೇ ಶುಕ್ರವಾರವಾದ್ದರಿಂದ ಬರೆದೇಬಿಟ್ಟೆ, ಇಲ್ಲಿಯೂ ಹಾಕಿದ್ದೇನೆ. ಅಧಿಕ ವರ್ಷದ ಫೆಬ್ರವರಿಯಲ್ಲಿ ಬಡ್ಡಿ ಒಂದು ದಿನದಷ್ಟು ಕಡಿಮೆ ಬರುತ್ತಿದ್ದ ಬಗ್. ತಪ್ಪು ಬಡ್ಡಿದರದ ಪಟ್ಟಿಯಲ್ಲಿದೆ ಎಂದು ಎರಡು ದಿನ ಅಲ್ಲೇ ಹುಡುಕಿದೆ. ಅದು ಇದ್ದದ್ದು ಯಾರೋ ಫೆಬ್ರವರಿಗೆ 28 ದಿನ ಎಂದು ನೇರವಾಗಿ ಬರೆದಿಟ್ಟಿದ್ದ ಒಂದು ಸಾಲಿನಲ್ಲಿ. ಟಿಪ್ಪಣಿ ಹೇಗಿದೆ ಹೇಳಿ.

ಉತ್ತರ: ಚೆನ್ನಾಗಿದೆ, ಎರಡು ದಿನ ತಪ್ಪು ಜಾಗದಲ್ಲಿ ಹುಡುಕಿದ್ದನ್ನು ಮುಚ್ಚಿಡದೆ ಬರೆದಿರುವುದು ಇನ್ನೂ ಚೆನ್ನಾಗಿದೆ. ಆದರೆ ನೀವು ಹಾಕಿರುವ ಟಿಪ್ಪಣಿಯ ಮೂರನೆಯ ಸಾಲಿನಲ್ಲಿ ಬ್ಯಾಂಕಿನ ಹೆಸರಿದೆ. ಈಗಲೇ ಅಳಿಸಿ.