ಸಹಾಯ ಬೇಕು: ಎರಡು ಗಣತಿಗಳ ನಡುವಿನ ಜನಸಂಖ್ಯೆ ಅಂದಾಜು ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವೇಗವಾಗಿ ಬೆಳೆಯುತ್ತಿರುವ ರಾಜ್ಯವೊಂದರ ತಲಾ ಆದಾಯದ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ರಾಜ್ಯದ ಒಟ್ಟು ಉತ್ಪನ್ನ 8% ಏರಿದರೂ, ಬೆಲೆ 5% ಮತ್ತು ಜನಸಂಖ್ಯೆ 2% ಏರಿದ್ದರೆ ತಲಾ ಲೆಕ್ಕದಲ್ಲಿ ನಿಜವಾದ ಏರಿಕೆ 1% ಕೂಡ ಇಲ್ಲ. ಸುದ್ದಿಯಲ್ಲಿ ಮಾತ್ರ 8 ಅಂತಲೇ ಬರುತ್ತದೆ, ಅಲ್ವಾ!

ಬೆಲೆ ಏರಿಕೆ ಕಳೆಯುವುದು ಗೊತ್ತು. ತೊಡಕಿರುವುದು ಜನಸಂಖ್ಯೆಯಲ್ಲಿ. ಗಣತಿ ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ. ನಡುವೆ ಕೆಲಸ ಹುಡುಕಿ ಬಂದವರನ್ನು ಹೇಗೆ ಎಣಿಸುವುದು? ಹಳೇ ದರವನ್ನೇ ಸುಮ್ನೆ ಮುಂದುವರಿಸಿದರೆ ಹೊಸ ವಲಸೆ ಲೆಕ್ಕಕ್ಕೆ ಸಿಗುವುದಿಲ್ಲ, ತಲಾ ಆದಾಯ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಶಾಲಾ ದಾಖಲಾತಿ, ವಿದ್ಯುತ್ ಸಂಪರ್ಕದ ಅಂಕಿಗಳಿಂದ ಅಂದಾಜು ಮಾಡಿದವರು ಯಾರಾದರೂ ಇದ್ದೀರಾ? ಒಂಟಿಯಾಗಿ ಬಂದ ಕೆಲಸಗಾರರು ಶಾಲೆಯ ಅಂಕಿಯಲ್ಲಿ ಕಾಣುವುದಿಲ್ಲ ಎಂಬುದೇ ನನ್ನ ಅನುಮಾನ. ವಿಧಾನ ಹೇಳಿದರೆ ಸಾಕು, ಲೆಕ್ಕ ನಾನೇ ಹಾಕಿಕೊಳ್ಳುತ್ತೇನೆ.