ಒಣಗಿಸಿದ ಬಾಳೆಹಣ್ಣಿಗೆ ಹದಿನೈದೇ ದಿನಕ್ಕೆ ಬೂಷ್ಟು, ಏನ್ ತಪ್ಪಾಯ್ತು?

ಪ್ರಶ್ನೆ: ಸರ್, ನಾವು ಮಡಿಕೇರಿ ಹತ್ರ ಇರೋದು. ತೋಟದ ನೇಂದ್ರ ಬಾಳೆ ನಾಲ್ಕು ಗೊನೆ ಒಟ್ಟಿಗೇ ಹಣ್ಣಾಯ್ತು, ಮಕ್ಕಳಿಗೆ ಸಂಜೆ ತಿನ್ನೋಕಾಗುತ್ತೆ ಅಂತ ಹೊಸ ಕರೆಂಟ್ ಡ್ರೈಯರಲ್ಲಿ ಒಣಗಿಸಿದೆ. ಈ ಮಳೇಲಿ ಕರೆಂಟ್ ಯಾವಾಗ ಹೋಗುತ್ತೋ ಅಂತ 75 ಡಿಗ್ರಿ ಇಟ್ಟು ಬೇಗ ಮುಗಿಸಿ ಬಿಸಿ ಇರುವಾಗ್ಲೇ ಡಬ್ಬಕ್ಕೆ ಹಾಕ್ದೆ. ಈಗ ನೋಡಿದ್ರೆ ಬಿಳಿ ಬೂಷ್ಟು. ಕೆರೆದು ಮತ್ತೆ ಒಣಗಿಸ್ಬಹುದಾ? ತುಂಬಾ ಬೇಜಾರಾಗಿದೆ.

ಉತ್ತರ: ಅಕ್ಕ, ಕೆರೆದು ತಿನ್ಬೇಡಿ, ಮಕ್ಕಳಿಗಂತೂ ಖಂಡಿತಾ ಕೊಡ್ಬೇಡಿ. ಕಣ್ಣಿಗೆ ಕಾಣೋದು ಮೇಲಿನ ಬೂಷ್ಟು ಮಾತ್ರ, ಅದರ ಬೇರು ವಿಷ ಎರಡೂ ಒಳಗೆ ಇಳಿದಿರಬಹುದು. ಆ ಡಬ್ಬ ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿ.

ತಪ್ಪಾಗಿದ್ದು ಆ 75ರಲ್ಲಿ. ಶುರುವಿಗೇ ಜಾಸ್ತಿ ಬಿಸಿ ಕೊಟ್ರೆ ಹಣ್ಣಿನ ಮೇಲ್ಮೈ ಚರ್ಮದ ಹಾಗೆ ಬಿಗಿದುಕೊಳ್ಳುತ್ತೆ, ಒಳಗಿನ ನೀರು ಹೊರಗೆ ಬರೋಕೆ ದಾರಿನೇ ಇರಲ್ಲ, ಆಮೇಲೆ ಡಬ್ಬದಲ್ಲಿ ಕೂತು ನಿಧಾನಕ್ಕೆ ಹೊರಗೆ ಬರುತ್ತೆ. 55ರಿಂದ 60 ಸಾಕು. ಅರ್ಧ ಸೆಂಟಿಮೀಟರ್ ದಪ್ಪ ಒಂದೇ ಸಮ ಕತ್ತರಿಸಿ, ನಿಂಬೆರಸದ ನೀರಲ್ಲಿ ಅದ್ದಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಡ್ರೈಯರ್ ಅಡುಗೆಮನೇಲಿ ಅನ್ನ ಬೇಯೋ ಜಾಗದ ಪಕ್ಕ ಇದ್ರೆ ಆ ಹಬೇನೇ ಒಳಗೆ ಎಳ್ಕೊಳ್ಳುತ್ತೆ, ಬೇರೆ ರೂಮಲ್ಲಿಡಿ.

ಆಯ್ತಾ ಅಂತ ನೋಡೋದು ಹೇಗೆ ಅಂದ್ರೆ, ಒಂದು ಚೂರು ಪೂರ್ತಿ ಆರಿದ ಮೇಲೆ ಹರಿದು, ಹರಿದ ಜಾಗಾನ ಎರಡು ಬೆರಳಲ್ಲಿ ಒತ್ತಿ. ಪಸೆ ಮಿಂಚಿದ್ರೆ ಇನ್ನೂ ಆಗಿಲ್ಲ. ಬಿಸಿ ಇರುವಾಗ ನೋಡಿದ್ರೆ ಗೊತ್ತಾಗಲ್ಲ. ಆಮೇಲೆ ಗಾಜಿನ ಬಾಟ್ಲಿಗೆ ಮುಕ್ಕಾಲಿಗಿಂತ ಕಮ್ಮಿ ತುಂಬಿಸಿ ಒಂದು ವಾರ, ಹತ್ತು ದಿನ ದಿನಾ ಅಲ್ಲಾಡಿಸಿ ನೋಡಿ, ಗಾಜಿನ ಒಳಗೆ ಮಂಜು ಕಟ್ಟಿದ್ರೆ ತಕ್ಷಣ ವಾಪಸ್ ಡ್ರೈಯರಿಗೆ. ಈ ಒಂದು ವಾರಾನ ಎಲ್ಲರೂ ಬಿಟ್ಬಿಡ್ತಾರೆ, ನನಗೆ ಬರೋ ಮುಕ್ಕಾಲು ಪಾಲು ದೂರು ಇದರಿಂದಾನೇ. ಕೊನೆಗೆ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ, ನಮ್ಮ ಜುಲೈ ಗಾಳೀಲಿ ದೊಡ್ಡ ಡಬ್ಬ ದಿನಾ ತೆಗೆದು ಮುಚ್ಚಿದ್ರೆ ಒಣಗಿದ್ದೂ ಮೆತ್ತಗಾಗುತ್ತೆ.

ಪ್ರಶ್ನೆ: ಬಿಸಿಲಲ್ಲಿ ಆಗಲ್ವಾ ಸರ್?

ಉತ್ತರ: ಕಣದಲ್ಲಿ ಕಾಫಿ ಒಣಗೋ ಫೆಬ್ರವರಿ, ಮಾರ್ಚಲ್ಲಿ ಆಗುತ್ತೆ. ಹಣ್ಣಿಗೆ 30 ಡಿಗ್ರಿ ಮೇಲೆ ಬಿಸಿಲೂ ಬೇಕು, ಗಾಳಿ ತೇವ ಶೇಕಡಾ 60ಕ್ಕಿಂತ ಕಮ್ಮಿನೂ ಇರ್ಬೇಕು. ಮಳೆಗಾಲದಲ್ಲಿ ಬೇಡ.

ಪ್ರಶ್ನೆ: ಅಣ್ಣ, ನಮ್ಮಜ್ಜಿ ಒಲೆ ಮೇಲೆ ಹಂದಿ ಮಾಂಸ ಕಟ್ಟಿ ಒಣಗಿಸ್ತಿದ್ರು, ಡ್ರೈಯರಲ್ಲೂ ಮಾಡ್ಬಹುದಾ?

ಉತ್ತರ: ಅಜ್ಜಿ ಮಾಂಸಕ್ಕೆ ಉಪ್ಪು, ಹೊಗೆ ಎರಡೂ ಇತ್ತು, ದಿನಗಟ್ಟಲೆ ಒಲೆ ಉರೀತಾ ಇತ್ತು, ತಿನ್ನೋ ಮುಂಚೆ ಚೆನ್ನಾಗಿ ಬೇಯಿಸ್ತಾನೂ ಇದ್ರು. ಡ್ರೈಯರಲ್ಲಿ ಹಸಿ ಮಾಂಸ ನೇರ ಇಡ್ಬೇಡಿ, ನೀರು ಆರ್ತಾ ಆರ್ತಾ ತುಂಡು ತಣ್ಣಗೇ ಇರುತ್ತೆ, ಕ್ರಿಮಿ ಸಾಯಲ್ಲ. ಮೊದಲು ಒಳಗಿನ ತನಕ 71 ಡಿಗ್ರಿ ಮುಟ್ಟೋ ಹಾಗೆ ಬೇಯಿಸಿ, ಆಮೇಲೆ ಒಣಗಿಸಿ, ಫ್ರಿಜ್ಜಲ್ಲೇ ಇಡಿ. ಕೊಬ್ಬು ಪೂರ್ತಿ ತೆಗೀರಿ, ಅದು ಒಣಗಲ್ಲ, ಕಮಟುತ್ತೆ.